ಫೋನ್ ಸಿಗದ ತೋಟ

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟ ಮನೆಯಿಂದ ದೂರ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಮರ ಹತ್ತಿ ಔಷಧಿ ಹೊಡೆಯಲು ಕೆಲಸದವರು ಒಬ್ಬರೇ ಹೋಗುತ್ತಾರೆ, ಅಲ್ಲಿ ಫೋನ್ ಸಿಗುವುದಿಲ್ಲ. ಏನು ಮಾಡಲಿ?

ಉತ್ತರ: ಮರ ಹತ್ತುವ ಕೆಲಸಕ್ಕೆ ಒಬ್ಬರನ್ನೇ ಕಳಿಸಲೇಬೇಡಿ, ಕೂಲಿ ಜಾಸ್ತಿಯಾದರೂ ಆಗಲಿ. ಪಾಚಿ ಕಟ್ಟಿದ ಮರ ಎಷ್ಟು ಜಾರುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ? ಕಳೆ ತೆಗೆಯಲು ಒಬ್ಬರೇ ಹೋದ ದಿನ, ತೋಟದ ಯಾವ ಕಡೆ ಇರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ಅರ್ಧ ಗಂಟೆ ಮೀರಿದರೆ ಸುಮ್ನೆ ಕಾಯದೆ ಮನೆಯಿಂದ ಯಾರಾದರೂ ಹೊರಡಬೇಕು. ಕೊರಳಿಗೊಂದು ಸೀಟಿ ಕಟ್ಟಿಕೊಡಿ. ಸಿಗ್ನಲ್ ಸಿಗುವ ದಿಬ್ಬ ತೋರಿಸಿಡಿ, ತುರ್ತಿಗೆ 112. ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಡೆಸದೆ ಹೊತ್ತುಕೊಂಡು ಬೇಗ ಆಸ್ಪತ್ರೆಗೆ ಒಯ್ಯಿರಿ.