‘ಕ್ರೈಸ್ತರು ನಂಬುತ್ತಾರೆ’ ಅಂದಿರಿ, ಯಾವ ಕ್ರೈಸ್ತರು?

ಪ್ರೀತಿಯ ಗೆಳೆಯರೇ, ನಮಸ್ಕಾರ.

ಬೈಬಲ್ಲಿನ ಸೃಷ್ಟಿಕಥೆ, ಭೂಮಿಯ ವಯಸ್ಸು, ವಿಕಾಸವಾದ ಈ ಮೂರನ್ನೂ ಸೇರಿಸಿ ನೀವು ಬರೆದ ಲೇಖನ ಸೋಮವಾರ ಬಂತು. ಅವತ್ತು ರಾತ್ರಿಯೇ ಓದಿದೆ. ಸಿಟ್ಟು ಬಂತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದು ಅಂತ ನಾಲ್ಕು ದಿನ ಪಕ್ಕಕ್ಕಿಟ್ಟಿದ್ದೆ. ಇವತ್ತು ಮತ್ತೆ ಓದಿದೆ. ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟುದ್ದ ಉತ್ತರ.

ಲಾಲ್‌ಬಾಗಿನ ಬಂಡೆಯಿಂದ ಶುರು ಮಾಡಿದ್ದೀರಿ. ಚೆನ್ನಾಗಿದೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಇಟ್ಟು, ಇದಕ್ಕೆ ಸುಮಾರು 300 ಕೋಟಿ ವರ್ಷ ಅಂದುಕೊಂಡಾಗ ಮೈ ಜುಮ್ಮೆಂದದ್ದನ್ನು ನಾಲ್ಕೇ ಸಾಲಿನಲ್ಲಿ ಹೇಳಿದ್ದೀರಿ. ಭಾಷೆಯೂ ತಿಳಿಯಾಗಿದೆ.

ಆಮೇಲೆ ಎರಡನೇ ಪುಟ. ಅಲ್ಲಿನ ಮೊದಲ ವಾಕ್ಯ ಇದು: “ಭೂಮಿ ಹುಟ್ಟಿ ಆರು ಸಾವಿರ ವರ್ಷವಾಯಿತು, ಅದೂ ಆರೇ ದಿನದಲ್ಲಿ ಹುಟ್ಟಿತು ಎಂದು ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ಕುರುಡಾಗಿ ನಂಬಿಕೊಂಡು ಬಂದಿದ್ದಾರೆ.”

ಇಲ್ಲಿ ‘ಕ್ರೈಸ್ತರು’ ಅಂದರೆ ಯಾರು? ಇದನ್ನೇ ಕೇಳಬೇಕು ಅಂತ ಕೂತಿದ್ದೇನೆ. ರೋಮಿನ ಕ್ಯಾಥೊಲಿಕರಾ? ರಷ್ಯಾದ ಆರ್ಥೊಡಾಕ್ಸ್ ಸಭೆಯವರಾ? ಅಮೆರಿಕದ ಬ್ಯಾಪ್ಟಿಸ್ಟರಾ? ಮಂಗಳೂರಿನ ಬಲ್ಮಠದ ಪ್ರೊಟೆಸ್ಟೆಂಟರಾ? ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಜನರ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಒಂದೊಂದಾಗಿ ನೋಡೋಣ. ‘ಎರಡು ಸಾವಿರ ವರ್ಷಗಳಿಂದ’ ಅಂದಿದ್ದೀರಿ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಐದನೇ ಶತಮಾನದ ಆರಂಭದಲ್ಲಿ ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೇಲೆ ದೊಡ್ಡ ವ್ಯಾಖ್ಯಾನ ಬರೆದರು. ಸೂರ್ಯ ಹುಟ್ಟಿದ್ದು ನಾಲ್ಕನೇ ದಿನ ಅಂತ ಆದಿಕಾಂಡವೇ ಹೇಳುತ್ತದೆ. ಹಾಗಾದರೆ ಅದಕ್ಕೆ ಮೊದಲಿನ ಮೂರು ದಿನಗಳ ಬೆಳಗು, ಬೈಗು ಎಂಥವು? ಈ ಪ್ರಶ್ನೆಯನ್ನು ಅವರು ಬಿಡದೆ ಕೆದಕಿದರು. ಆ ಆರು ದಿನಗಳು ನಾವು ಎಣಿಸುವ ದಿನಗಳಲ್ಲ, ದೇವರು ಎಲ್ಲವನ್ನೂ ಒಂದೇ ಸಲಕ್ಕೆ ಸೃಷ್ಟಿಸಿದ, ಕೆಲವು ಬೀಜದ ಹಾಗೆ ಅಡಗಿದ್ದು ಕಾಲ ಬಂದಾಗ ಹೊರಬಂದವು ಅನ್ನುವ ಕಡೆಗೆ ವಾಲಿದರು. ವರ್ಷದ ಲೆಕ್ಕದಲ್ಲಿ ಮಾತ್ರ ಅವರೂ ಆರು ಸಾವಿರದ ಒಳಗೇ ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ಪುಸ್ತಕದಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ತಿಳಿದ ಅನ್ಯಮತದವರ ಎದುರು ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ ನಾಚಿಕೆಗೇಡು, ಆ ಗ್ರಂಥವನ್ನು ಆಮೇಲೆ ಯಾರು ನಂಬುತ್ತಾರೆ ಅಂತ. ಇಂಥವರನ್ನು ‘ಕುರುಡಾಗಿ’ ಅನ್ನುವ ಒಂದು ಪದದಲ್ಲಿ ಮುಗಿಸಿಬಿಟ್ಟಿರಲ್ಲ!

ಇನ್ನು ‘ಆರು ಸಾವಿರ ವರ್ಷ’. ಬೈಬಲ್ಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಪೂರ್ವಜರ ವಯಸ್ಸಿನ ಅಂಕಿಗಳು ಹೀಬ್ರೂ ಪಾಠಕ್ಕಿಂತ ಜಾಸ್ತಿ. ಅದನ್ನು ಹಿಡಿದು ಲೆಕ್ಕ ಹಾಕಿದ ಬೈಜಾಂಟಿಯಮ್ಮಿನವರಿಗೆ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರಿಗೆ, ಸೃಷ್ಟಿಯ ವರ್ಷ ಕ್ರಿ.ಪೂ. 5509 ಆಯಿತು. ರಷ್ಯಾದಲ್ಲಿ ಪೀಟರ್ ದೊರೆ 1700ರಲ್ಲಿ ಬದಲಾಯಿಸುವ ತನಕ ಕಾಗದಪತ್ರದಲ್ಲಿ ಇಸವಿ ಹಾಕುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಅಂದರೆ ಲೆಕ್ಕ ಹಾಕಿದವರ ನಡುವೆಯೇ ಸಾವಿರದ ಐನೂರು ವರ್ಷದ ಅಂತರವಿತ್ತು.

ಮುಂದಿನ ವಾಕ್ಯ ನನಗೆ ಜಾಸ್ತಿ ನೋವು ಕೊಟ್ಟಿತು: “ಐರ್ಲೆಂಡಿನ ಒಬ್ಬ ಮೂಢ ಪಾದ್ರಿ ಬೈಬಲ್ಲಿನ ಹೆಸರುಗಳನ್ನು ಕೂಡಿಸಿ ಕಳೆದು ಕ್ರಿ.ಪೂ. 4004 ಎಂದು ಘೋಷಿಸಿಬಿಟ್ಟ.”

ಆ ಪಾದ್ರಿ ಜೇಮ್ಸ್ ಅಷರ್, ಅರ್ಮಾ ಪಟ್ಟಣದ ಆರ್ಚ್‌ಬಿಷಪ್. ಅವರ ಲ್ಯಾಟಿನ್ ಪುಸ್ತಕ ಬಂದದ್ದು 1650ರಲ್ಲಿ. ಕೂಡಿ ಕಳೆದರೆ ಮುಗಿಯುವ ಲೆಕ್ಕ ಅದಾಗಿರಲಿಲ್ಲ. ಆದಾಮನಿಂದ ಶುರುವಾಗುವ ವಂಶಾವಳಿ ಒಂದು ಹಂತದವರೆಗೆ ವಯಸ್ಸು ಕೊಡುತ್ತದೆ. ಆಮೇಲೆ ರಾಜರ ಆಳ್ವಿಕೆಯ ವರ್ಷಗಳು ಬರುತ್ತವೆ, ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೊನೆಗೆ ಯಾವ ಇಸವಿಯೂ ಇಲ್ಲದೆ ಸರಪಳಿ ಕಡಿದುಹೋಗುತ್ತದೆ. ಅದನ್ನು ಜೋಡಿಸಲು ಬೈಬಲ್ಲಿನ ಹೊರಗಿನ ಒಂದು ಗಟ್ಟಿ ಇಸವಿ ಬೇಕಿತ್ತು. ಬಾಬಿಲೋನಿನ ದೊರೆ ನೆಬುಕದ್ನೆಚ್ಚರ ಸತ್ತ ವರ್ಷ, ಕ್ರಿ.ಪೂ. 562, ಅವರ ಕೈಗೆ ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ನಡೆದರು. ಬಾಬಿಲೋನ್, ಪರ್ಷಿಯ, ಗ್ರೀಸ್, ರೋಮ್‌ಗಳ ದಾಖಲೆಗಳನ್ನು ಹರಡಿಕೊಂಡು ಕೂತು ಮಾಡಿದ ಕೆಲಸ. ಉತ್ತರ ತಪ್ಪು, ತುಂಬಾ ತಪ್ಪು. ಭೂಮಿಗೆ ಸುಮಾರು 454 ಕೋಟಿ ವರ್ಷ, ಅದರಲ್ಲಿ ನನಗೂ ನಿಮಗೂ ಅನುಮಾನವಿಲ್ಲ. ಆದರೆ ಕಲ್ಲಿನ ವಯಸ್ಸು ಅಳೆಯುವ ದಾರಿಯೇ ಇಲ್ಲದ ಕಾಲದಲ್ಲಿ ಹಳೆಯ ದಾಖಲೆ ಬಿಟ್ಟರೆ ಇನ್ನೇನಿತ್ತು? ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಕೂಡ ಇಂಥದೇ ಲೆಕ್ಕ ಹಾಕಿ ಕ್ರಿ.ಪೂ. 4000ದ ಆಸುಪಾಸಿಗೇ ಬಂದಿದ್ದರು. ಅವರನ್ನೂ ಮೂಢ ಅನ್ನುತ್ತೀರಾ?

4004 ಇಷ್ಟು ಹೆಸರಾಗಲು ಕಾರಣ ಬೇರೆ. 1701ರಿಂದ ಇಂಗ್ಲಿಷ್ ಬೈಬಲ್ಲಿನ ಪುಟಗಳ ಅಂಚಿನಲ್ಲಿ ಅಷರ್ ಅವರ ಇಸವಿಗಳನ್ನು ಅಚ್ಚು ಹಾಕತೊಡಗಿದರು. ಅಂಚಿನಲ್ಲಿದ್ದದ್ದು ಓದುತ್ತಾ ಓದುತ್ತಾ ಜನರಿಗೆ ದೇವರ ವಾಕ್ಯದ ಭಾಗವೇ ಆಗಿಹೋಯಿತು. ಮುದ್ರಕರು ಹಾಕಿದ ಒಂದು ಅಂಚಿನ ಟಿಪ್ಪಣಿ ತಲೆಮಾರುಗಳ ನಂಬಿಕೆಯಾದ ಕಥೆ ಇದು. ನಿಮ್ಮ ಲೇಖನದ ನಡುವೆ ಇರಬೇಕಾಗಿದ್ದದ್ದು ಇದೇ. ‘ಮೂಢ’ ಅನ್ನುವ ಪದ ಸಿಕ್ಕ ಕೂಡಲೇ ನೀವು ಹುಡುಕುವುದನ್ನು ಬಿಟ್ಟಿರಿ.

ಅಂಚು ಅಂದಾಗ ನನಗೆ ನನ್ನದೇ ಒಂದು ಪ್ರತಿ ನೆನಪಾಗುತ್ತದೆ. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು. ಮಳೆ ಕೈಕೊಟ್ಟ ವರ್ಷ. ಒಂದು ಹಳ್ಳಿಯಲ್ಲಿ ಕಪ್ಪೆ ಮದುವೆ ಮಾಡಿದರು ಅಂತ ಹೋಗಿ ಬರೆದುಕೊಂಡು ಬಂದಿದ್ದೆ. “ಕಪ್ಪೆಗೆ ಮದುವೆ ಮಾಡಿದರೆ ಮಳೆ ಬರುತ್ತದೆಂದು ಊರಿನವರು ನಂಬುತ್ತಾರೆ” ಅಂತ ಮೊದಲ ವಾಕ್ಯ. ನಮ್ಮ ಸಂಪಾದಕರು ‘ಊರಿನವರು’ ಅನ್ನುವುದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರು?’ ಅಂತ ಬರೆದರು. ಬೇರೆ ಒಂದು ಮಾತಿಲ್ಲ. ಜೇಬಿನಿಂದ ಬಸ್ ಚಾರ್ಜ್ ತೆಗೆದು ಮೇಜಿನ ಮೇಲಿಟ್ಟರು.

ಮಾರನೇ ದಿನ ಮತ್ತೆ ಹೋದೆ. ಮೊರದಲ್ಲಿ ಬೇವಿನ ಸೊಪ್ಪು ಹಾಸಿ ಕಪ್ಪೆ ಹೊತ್ತಿದ್ದ ಅಜ್ಜಿ ರಾಗಿ ಕೇರುತ್ತಿದ್ದರು. ಮಳೆ ಬರುತ್ತೆ ಅಂತ ನಂಬ್ತೀರಾ ಅಜ್ಜಿ ಅಂದೆ. “ನಂಬೋದೇನ್ ಬಂತಪ್ಪ, ನಮ್ಮತ್ತೆ ಮಾಡ್ತಿದ್ರು, ನಾನ್ ಬಿಡಕ್ಕಾಗುತ್ತಾ?” ಅಂದರು. ಪೂಜೆ ಮಾಡಿದವರು ಮಾತ್ರ ಹದಿನೈದು ದಿನದಲ್ಲಿ ಮಳೆ ಗ್ಯಾರಂಟಿ ಅಂದರು. ಖರ್ಚಿಗೆ ದುಡ್ಡು ಕೊಟ್ಟಿದ್ದ ರೈತರೊಬ್ಬರು ಬಾವಿ ಕಟ್ಟೆಯ ಮೇಲೆ ಕೂತು ಸಮಾಧಾನವಾಗಿ ಹೇಳಿದರು: “ಗಾಳಿ ತಿರುಗಿದ್ರೆ ಮಳೆ. ಆದ್ರೆ ಬರದಲ್ಲಿ ಎಲ್ಲ ಅವರವರ ಮನೇಲಿ ಬಾಗಿಲು ಹಾಕ್ಕೊಂಡು ಕೂತ್ರೆ ಹುಚ್ಚು ಹಿಡಿಯುತ್ತೆ. ಒಂದಿನ ಸೇರ್ಲಿ ಅಂತ.” ಒಂದೇ ಊರು, ಒಂದೇ ಕಪ್ಪೆ. ಮೂರು ಜನರಲ್ಲಿ ನನ್ನ ವಾಕ್ಯಕ್ಕೆ ಹೊಂದಿದವರು ಒಬ್ಬರು.

ಈಗ ನಿಮ್ಮ ಮೂರನೇ ವಾಕ್ಯ: “1859ರಲ್ಲಿ ಡಾರ್ವಿನ್ ಭೂಮಿ ಹಳೆಯದು ಎಂದು ತೋರಿಸಿದ ಕೂಡಲೇ ಚರ್ಚು ಯುದ್ಧ ಸಾರಿತು.”

ಇದರಲ್ಲಿ ಎರಡು ತಪ್ಪು ಒಂದರೊಳಗೊಂದು ಹೆಣೆದುಕೊಂಡಿವೆ. ಭೂಮಿಯ ವಯಸ್ಸು ಒಂದು ಪ್ರಶ್ನೆ. ಜೀವಿಗಳು ಒಂದರಿಂದ ಒಂದು ಬಂದವಾ ಅನ್ನುವುದು ಇನ್ನೊಂದು. ಭೂಮಿ ತುಂಬಾ ಹಳೆಯದು ಅನ್ನುವುದು ಡಾರ್ವಿನ್ ವಿಕಾಸವಾದದ ಬಗ್ಗೆ ಬರೆದ ಪುಸ್ತಕಕ್ಕೆ ಎಷ್ಟೋ ಮೊದಲೇ ಬ್ರಿಟನ್ನಿನ ಓದಿದ ಪಾದ್ರಿಗಳ ನಡುವೆ ಒಪ್ಪಿತವಾಗಿತ್ತು. ಅದನ್ನು ಕಲ್ಲು ಕೆದಕಿ ತೋರಿಸಿದವರಲ್ಲೇ ಪಾದ್ರಿಗಳಿದ್ದರು. ಆಕ್ಸ್‌ಫರ್ಡಿನ ಬಕ್‌ಲ್ಯಾಂಡ್, ಕೇಂಬ್ರಿಡ್ಜಿನ ಸೆಡ್ಜ್‌ವಿಕ್ ಇಬ್ಬರೂ ದೀಕ್ಷೆ ಪಡೆದವರೇ. ಸೆಡ್ಜ್‌ವಿಕ್ 1831ರಲ್ಲಿ ಭೂವಿಜ್ಞಾನಿಗಳ ಸಂಘದ ಅಧ್ಯಕ್ಷಪೀಠದಿಂದಲೇ, ಕಲ್ಲುಮಣ್ಣಿನ ಕೆಲವು ಪದರಗಳನ್ನು ಬೈಬಲ್ಲಿನ ನೋಹನ ಕಾಲದ ಜಲಪ್ರಳಯದ ಗುರುತು ಅಂತ ತಾನು ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡರು. ಅದೇ ಸೆಡ್ಜ್‌ವಿಕ್ ಮುಂದೆ ತಮ್ಮ ಹಳೆಯ ಶಿಷ್ಯ ಡಾರ್ವಿನ್‌ನ ಪುಸ್ತಕವನ್ನು ಕಟುವಾಗಿ ವಿರೋಧಿಸಿದರು. ನೋಡಿ, ಒಬ್ಬನೇ ಮನುಷ್ಯ ಒಂದು ಪ್ರಶ್ನೆಗೆ ಹೌದು, ಇನ್ನೊಂದಕ್ಕೆ ಇಲ್ಲ.

ಹ್ಯೂ ಮಿಲ್ಲರ್ ಬಗ್ಗೆ ನೀವು ಓದಲೇಬೇಕು. ಸ್ಕಾಟ್‌ಲ್ಯಾಂಡಿನ ಕ್ರೋಮಾರ್ಟಿ ಅನ್ನುವ ಕಡಲತಡಿಯ ಊರಿನವರು, ಕಲ್ಲುಕುಟಿಗರು. ಹದಿನೇಳರ ವಯಸ್ಸಿಗೆ ಕಲ್ಲುಗಣಿಗೆ ಇಳಿದರು. ಆಮೇಲೆ ಬಿಡುವಿನಲ್ಲಿ ದಡದ ಮೇಲೆ ಬಿದ್ದ ಸುಣ್ಣಕಲ್ಲಿನ ಗುಂಡುಗಳನ್ನು ಸುತ್ತಿಗೆಯಲ್ಲಿ ಒಡೆಯುವರು. ಒಳಗೆ ಮೀನು. ಈಗಿನ ಯಾವ ಮೀನಿನ ಹಾಗೂ ಇಲ್ಲ. ಮೈತುಂಬ ಮೂಳೆಯ ಕವಚ, ಎರಡೂ ಪಕ್ಕಕ್ಕೆ ರೆಕ್ಕೆಯಂತೆ ಚಾಚಿದ ತೋಳು. ಆ ಜಾತಿಗೆ ಇವತ್ತಿಗೂ ಮಿಲ್ಲರ್ ಹೆಸರೇ ಇದೆ. ಈ ಮನುಷ್ಯ ಕಟ್ಟಾ ಪ್ರೆಸ್ಬಿಟೇರಿಯನ್, ಅಂದರೆ ಸ್ಕಾಟಿಷ್ ಪ್ರೊಟೆಸ್ಟೆಂಟ್ ಸಭೆಯವರು. 1840ರಿಂದ ಎಡಿನ್‌ಬರೊದಲ್ಲಿ ತಮ್ಮ ಸಭೆಯೊಳಗಿನ ಒಂದು ಪಕ್ಷದ ಪತ್ರಿಕೆಯ ಸಂಪಾದಕರೂ ಆಗಿದ್ದರು. ಆರು ದಿನ ಅಂದರೆ ಆರು ದೀರ್ಘ ಯುಗಗಳು ಅಂತ ವಾದಿಸಿದರು. ಆದರೆ ಒಂದು ಜೀವಿ ಇನ್ನೊಂದಾಗಿ ಬದಲಾಯಿತು ಅನ್ನುವುದನ್ನು ಕೊನೆಯವರೆಗೂ ಒಪ್ಪಲಿಲ್ಲ. 1856ರಲ್ಲಿ, ಡಾರ್ವಿನ್ ಪುಸ್ತಕಕ್ಕೆ ಮೂರು ವರ್ಷ ಮೊದಲೇ, ತೀರಿಕೊಂಡರು. ಇವರನ್ನು ನಿಮ್ಮ ವಾಕ್ಯದ ಯಾವ ಬದಿಯಲ್ಲಿ ನಿಲ್ಲಿಸುತ್ತೀರಿ?

‘ಯುದ್ಧ ಸಾರಿತು’ ಅಂತೀರಿ. ವಿರೋಧವಿತ್ತು, ಜೋರಾಗಿಯೇ ಇತ್ತು. ಆದರೆ ಪುಸ್ತಕ ಮಾರುಕಟ್ಟೆಗೆ ಬರುವ ಮೊದಲೇ ಓದಿ ಮೆಚ್ಚಿ ಪತ್ರ ಬರೆದವರು ಚಾರ್ಲ್ಸ್ ಕಿಂಗ್ಸ್‌ಲಿ ಅನ್ನುವ ಪಾದ್ರಿ. ಆ ಪತ್ರದ ಮಾತನ್ನು ಡಾರ್ವಿನ್ 1860ರ ಎರಡನೇ ಮುದ್ರಣದಲ್ಲಿ ಸೇರಿಸಿಕೊಂಡರು. ಅಮೆರಿಕದಲ್ಲಿ ಪುಸ್ತಕ ಅಚ್ಚಾಗುವಂತೆ ಓಡಾಡಿ, ಅದರ ಪರವಾಗಿ ಬರೆದವರು ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇ. ಅವರೂ ಶ್ರದ್ಧೆಯ ಕ್ರೈಸ್ತರು.

ನಾಲ್ಕನೆಯದು: “1925ರಲ್ಲಿ ಡೇಟನ್ ಕೋರ್ಟಿನಲ್ಲಿ ಬ್ರಯಾನ್ ಭೂಮಿಗೆ ಆರು ಸಾವಿರ ವರ್ಷ ಎಂದು ವಾದಿಸಿ ಜಗತ್ತಿನೆದುರು ನಗೆಪಾಟಲಾದ.” ಅಮೆರಿಕದ ಟೆನೆಸಿ ರಾಜ್ಯದಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕರೊಬ್ಬರ ಮೇಲೆ ನಡೆದ ಮೊಕದ್ದಮೆ ಅದು. ಅಲ್ಲಿನ ಕಾನೂನು ನಿಷೇಧಿಸಿದ್ದು ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಕಲಿಸುವುದನ್ನು. ಭೂಮಿಯ ವಯಸ್ಸಿನ ಮಾತೇ ಅದರಲ್ಲಿರಲಿಲ್ಲ. ಸರ್ಕಾರದ ಪರ ವಕೀಲರಾಗಿದ್ದೂ ಸಾಕ್ಷಿಕಟ್ಟೆಯಲ್ಲಿ ಕೂತ ಬ್ರಯಾನ್ ಅವರನ್ನು ಶಿಕ್ಷಕರ ಪರ ವಕೀಲ ಡ್ಯಾರೋ ಕೆಣಕಿದಾಗ, ಸೃಷ್ಟಿಯ ಆ ದಿನಗಳು ಇಪ್ಪತ್ನಾಲ್ಕು ಗಂಟೆಯ ದಿನಗಳೇ ಆಗಬೇಕಿಲ್ಲ, ಕೋಟ್ಯಂತರ ವರ್ಷವೂ ಆಗಿರಬಹುದು ಅಂತ ಬ್ರಯಾನ್ ಬಾಯಲ್ಲೇ ಬಂತು. ನೀವು ಅವರ ಬಾಯಿಗೆ ತುರುಕಿದ್ದಕ್ಕೆ ಪೂರ್ತಿ ಉಲ್ಟಾ.

ಭೂಮಿ ಕೆಲವೇ ಸಾವಿರ ವರ್ಷದ್ದು, ಪಳೆಯುಳಿಕೆಯ ಪದರಗಳೆಲ್ಲ ನೋಹನ ಪ್ರಳಯದ್ದು ಅನ್ನುವ ವಾದ ಇವತ್ತಿನ ರೂಪದಲ್ಲಿ ಹಬ್ಬಿದ್ದು ಈಚೆಗೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದವರಾಗಿದ್ದ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ 1923ರಲ್ಲಿ ಇದನ್ನು ಪುಸ್ತಕ ಮಾಡಿದರು. 1961ರಲ್ಲಿ ದೇವಶಾಸ್ತ್ರದ ವಿಟ್‌ಕೂಂಬ್, ಜಲ ಎಂಜಿನಿಯರಿಂಗ್ ಓದಿದ ಹೆನ್ರಿ ಮಾರಿಸ್ ಇಬ್ಬರೂ ಸೇರಿ ಬರೆದ ಪುಸ್ತಕದಿಂದ ಅದು ಅಮೆರಿಕದ ಸಭೆಗಳಲ್ಲಿ ಬೇರೂರಿತು. ನೀವು ಎರಡು ಸಾವಿರ ವರ್ಷ ಅಂದದ್ದಕ್ಕೆ ಈಗಿನ ರೂಪದಲ್ಲಿ ಅರವತ್ತು ಚಿಲ್ಲರೆ ವರ್ಷ.

ಅವರನ್ನೂ ನೀವು ಕೇಳಿಸಿಕೊಂಡಿಲ್ಲ. ಅವರಲ್ಲಿ ಅನೇಕರ ಕಳವಳ ಇರುವುದು ಸಾವಿನಲ್ಲಿ. ಮನುಷ್ಯನ ಪಾಪದಿಂದ ಸಾವು ಲೋಕಕ್ಕೆ ಬಂತು ಅಂತ ಬೈಬಲ್ಲಿನಲ್ಲಿ ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಮನುಷ್ಯ ಬರುವ ಮೊದಲೇ ಕೋಟ್ಯಂತರ ವರ್ಷ ಪ್ರಾಣಿಗಳು ಒಂದನ್ನೊಂದು ತಿಂದು ಸಾಯುತ್ತಿದ್ದರೆ ಆ ಮಾತಿಗೆ ಏನರ್ಥ ಅಂತ ಅವರು ಕೇಳುತ್ತಾರೆ. ವಿಕಾಸವನ್ನು ಒಪ್ಪುವ ಕ್ರೈಸ್ತರು, ಪೌಲ ಹೇಳಿದ್ದು ಮನುಷ್ಯನ ಸಾವಿನ ಬಗ್ಗೆ, ಅಥವಾ ದೇವರಿಂದ ದೂರವಾಗುವುದೇ ಆ ಸಾವು ಅಂತ ಉತ್ತರ ಕೊಡುತ್ತಾರೆ. ಜಗಳ ನಿಜವಾಗಿ ನಡೆಯುತ್ತಿರುವುದು ಇಲ್ಲಿ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

‘ಚರ್ಚು’ ಅಂತ ಏಕವಚನದಲ್ಲಿ ಹನ್ನೊಂದು ಸಲ ಬರೆದಿದ್ದೀರಿ. ಕ್ಯಾಥೊಲಿಕ್ ಸಭೆಯಲ್ಲಿ ಪೋಪ್ ಹನ್ನೆರಡನೇ ಪಯಸ್ 1950ರಲ್ಲೇ ಮನುಷ್ಯದೇಹದ ವಿಕಾಸದ ಬಗ್ಗೆ ಅಧ್ಯಯನಕ್ಕೆ ಅಡ್ಡಿಯಿಲ್ಲ ಅಂದರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ಇದು ಬರೀ ಊಹೆಗಿಂತ ಹೆಚ್ಚಿನದು ಅಂದರು. ಸೃಷ್ಟಿವಾದವನ್ನೂ ವಿಜ್ಞಾನದ ಜೊತೆ ಸಮವಾಗಿ ಕಲಿಸಬೇಕು ಅಂತ ಅಮೆರಿಕದ ಆರ್ಕನ್ಸಾ ರಾಜ್ಯ ಕಾನೂನು ಮಾಡಿದಾಗ ಅದರ ವಿರುದ್ಧ ಕೋರ್ಟಿಗೆ ಹೋದವರ ಪಟ್ಟಿಯಲ್ಲಿ ಮೊದಲ ಹೆಸರು ಒಬ್ಬ ಮೆಥೊಡಿಸ್ಟ್ ಪಾದ್ರಿಯದು. ಅವರ ಜೊತೆ ಬೇರೆ ಬೇರೆ ಸಭೆಗಳ ಬಿಷಪ್ಪರೂ ಇದ್ದರು. 1982ರ ಜನವರಿಯಲ್ಲಿ ಕಾನೂನು ಬಿತ್ತು. ಹನ್ನೊಂದರಲ್ಲಿ ಇವರು ಎಲ್ಲಿ ಬರುತ್ತಾರೆ?

ನನಗೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ಟೀಚರ್ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ನಮ್ಮ ಕೈ ಮೂರರ ಮೂಳೆಗಳನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಒಂದಕ್ಕೊಂದು ಹೊಂದಿಸಿ ತೋರಿಸಿದ್ದು ಅವರು. ಅವರಿಗೆ ಈಗ ವಯಸ್ಸಾಗಿದೆ. ನಮ್ಮ ಪತ್ರಿಕೆ ತರಿಸುತ್ತಾರೆ, ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದುತ್ತಾರೆ. ನಿಮ್ಮ ಎರಡನೇ ಪುಟವನ್ನು ಅವರ ಮನೆಗೆ ಕಳಿಸಲು ನನಗೆ ಮನಸ್ಸಿಲ್ಲ.

ಡೈನೊಸಾರ್ ಭಾಗ, ಕೊನೆಯ ಎರಡು ಪುಟ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ನಿಮ್ಮ ಊರಿನಲ್ಲೇ ಒಬ್ಬ ಸಭಾಪಾಲಕರನ್ನೋ, ಫಾದರ್ ಒಬ್ಬರನ್ನೋ, ಪೆಂಟೆಕೋಸ್ಟ್ ಸಭೆಗೆ ಹೋಗುವ ಒಬ್ಬರನ್ನೋ ಮಾತಾಡಿಸಿ. ವಾದಕ್ಕೆ ಇಳಿಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಅವರಲ್ಲಿ ಯಾರಾದರೂ ಭೂಮಿಗೆ ಆರು ಸಾವಿರ ವರ್ಷ ಅಂದರೆ ಅದನ್ನೂ ಅವರ ಮಾತಿನಲ್ಲೇ ಬರೆಯಿರಿ.

ಪ್ರತಿ ವಾಪಸ್ ಕಳಿಸಿದ್ದೇನೆ. ‘ಕ್ರೈಸ್ತರು’, ‘ಚರ್ಚು’ ಬಂದ ಕಡೆಯೆಲ್ಲ ಅಂಚಿನಲ್ಲಿ ಕೆಂಪು ಪೆನ್ಸಿಲ್ ಗುರುತು ಇದೆ. ಲಾಲ್‌ಬಾಗಿನ ಬಂಡೆಯ ನಾಲ್ಕು ಸಾಲು ಮುಟ್ಟಬೇಡಿ, ಹಾಗೇ ಇರಲಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.

ನಿಮ್ಮ,
ಸಂಪಾದಕ