ಕಂಬಳದ ಲೈವ್‌ಗೆ ವಿಮಿಕ್ಸ್‌ನಲ್ಲಿ (ಲೈವ್ ಪ್ರಸಾರದ ಸಾಫ್ಟ್‌ವೇರ್) ಯಾವ ರೆಡಿಮೇಡ್ ಗ್ರಾಫಿಕ್ಸ್ ಪ್ಯಾಕ್ ಒಳ್ಳೆಯದು? ಪ್ರೀಸೆಟ್ (ಮೊದಲೇ ಸೇವ್ ಮಾಡಿಟ್ಟ ಸೆಟ್ಟಿಂಗ್) ಹಾಕಿ ಹೆಸರು ಬದಲಿಸಿದರೆ ಸಾಕಾ?

ಸಾಕಾಗುವುದಿಲ್ಲ. ನಾನೂ ಸಾಕು ಅಂತಲೇ ಅಂದುಕೊಂಡು ದುಡ್ಡು ಕೊಟ್ಟು ಒಂದು ಪ್ಯಾಕ್ ತಂದಿದ್ದೆ. ಅದು ಫುಟ್‌ಬಾಲ್‌ಗೆ ಮಾಡಿದ್ದು. ಸ್ಕೋರ್ ಬೋರ್ಡು, ಲೋವರ್ ಥರ್ಡ್ ಅಂದರೆ ಸ್ಕ್ರೀನಿನ ಕೆಳಗೆ ಬರುವ ಹೆಸರಿನ ಪಟ್ಟಿ, ಸ್ಟಿಂಗರ್ ಅಂದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಬರುವ ಚಿಕ್ಕ ಆನಿಮೇಷನ್, ಎಲ್ಲ ಇತ್ತು. ನೋಡಿದರೆ ದೊಡ್ಡ ಚಾನೆಲ್‌ನವರದ್ದೇ ಅನ್ನಬೇಕು, ಹಾಗಿತ್ತು.

ಹಿಂದಿನ ದಿನ ಟೆಸ್ಟ್ ಕೂಡ ಮಾಡಿದೆ. ಎಡವಟ್ಟಾದದ್ದೇ ಅಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಟದ ವಿಭಾಗದ ಜಾಗದಲ್ಲಿ ‘ನೇಗಿಲು ಹಿರಿಯ’ ಅಂತ ಟೈಪ್ ಮಾಡಿದೆ. ಕೋಣದ ಯಜಮಾನರ ಹೆಸರಿನ ಜಾಗದಲ್ಲಿ ಒಬ್ಬ ಪೂಜಾರಿಯವರ ಹೆಸರು ಹಾಕಿದೆ. ಚಂದ ಬಂತು. ಪ್ರೀಸೆಟ್ ಸೇವ್ ಮಾಡಿ ಮಲಗಿದೆ. ಆ ಎರಡು ಸಾಲಿನಲ್ಲಿ ಒಂದೇ ಒಂದು ಒತ್ತಕ್ಷರ ಇರಲಿಲ್ಲ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ಆ ಟೆಂಪ್ಲೇಟ್ ಮಾಡಿದವನು ಇಂಗ್ಲಿಷ್ ದೊಡ್ಡಕ್ಷರಕ್ಕೆ ಅಳತೆ ತೆಗೆದುಕೊಂಡಿದ್ದ. ದೊಡ್ಡಕ್ಷರಗಳಲ್ಲಿ ಸಾಲಿನ ಕೆಳಗೆ ಇಳಿಯುವಂಥದ್ದು ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಹಾಗಾಗಿ ಟೆಕ್ಸ್ಟ್ ಬಾಕ್ಸನ್ನು ಅಕ್ಷರದ ಬುಡಕ್ಕೇ ನಿಲ್ಲಿಸಿ, ಅದರ ಮೇಲೊಂದು ಮಾಸ್ಕ್, ಅಂದರೆ ಬಾಕ್ಸಿನ ಆಚೆ ಹೋದದ್ದನ್ನು ಮರೆಮಾಡುವ ಪರದೆ, ಹಾಕಿದ್ದ. ಹೆಸರು ಕೆಳಗಿನಿಂದ ಎದ್ದು ಬಂದ ಹಾಗೆ ಕಾಣಬೇಕಲ್ಲ, ಅದಕ್ಕೆ. ನಮ್ಮ ಒತ್ತು ಕೂರುವುದು ಸರಿಯಾಗಿ ಆ ಮಾಸ್ಕಿನ ಆಚೆ. ಮರುದಿನ ಲೈವ್‌ನಲ್ಲಿ ‘ಹಗ್ಗ ಹಿರಿಯ’ ಹೋಗಿ ‘ಹಗ ಹಿರಿಯ’ ಆಯಿತು. ‘ಅಡ್ಡ ಹಲಗೆ’ ಹೋಗಿ ‘ಅಡ ಹಲಗೆ’. ಇನ್ನು ನಮ್ಮ ಕಡೆ ಕೋಣದ ಯಜಮಾನರಲ್ಲಿ ಶೆಟ್ಟರು ಎಷ್ಟು ಜನ ಇರುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಷ್ಟೂ ಜನ ರಾತ್ರಿಯಿಡೀ ‘ಶೆಟಿ’.

ನನಗೆ ಕಾಣಲಿಲ್ಲವಾ ಅಂದರೆ, ಇಲ್ಲ. ಲ್ಯಾಪ್‌ಟಾಪಿನಲ್ಲಿ ಔಟ್‌ಪುಟ್ ಕಿಟಕಿ ಅಂಗೈಯಷ್ಟು ಇರುತ್ತದೆ. ಜೋಡುಕರೆ ಬೇರೆ (ಪಕ್ಕಪಕ್ಕ ಎರಡು ಓಟದ ಕರೆ), ಎರಡು ಕಡೆಯ ಹೆಸರೂ ಒಟ್ಟಿಗೆ ಬದಲಿಸಬೇಕು, ಕ್ಯಾಮೆರಾನೂ ನಾನೇ ಕಟ್ ಮಾಡಬೇಕು. ಬೆಳಗ್ಗೆ ಒಬ್ಬ ಯಜಮಾನರ ಫೋನ್ ಬಂತು. “ಮಾರಾಯ್ರೆ, ನಾವು ಶೆಟಿ ಆದದ್ದು ಯಾವಾಗ?” ಅಷ್ಟರಲ್ಲಿ ಅವರ ಕೋಣ ಗೆದ್ದ ಕ್ಲಿಪ್ ವಾಟ್ಸ್ಯಾಪ್ ಗ್ರೂಪುಗಳನ್ನೆಲ್ಲ ಸುತ್ತಿ ಆಗಿತ್ತು, ಅದೇ ಹೆಸರಿನ ಸಮೇತ. ಯೂಟ್ಯೂಬಿನ ವಿಡಿಯೊ ಡಿಲೀಟ್ ಮಾಡಬಹುದು, ಅದನ್ನು ಎಲ್ಲಿ ಮಾಡುವುದು? ಮುಂದಿನ ವರ್ಷ ಸಮಿತಿಯವರು ಬೇರೆ ತಂಡಕ್ಕೆ ಕೊಟ್ಟರು. ಕಾರಣ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ‘ಯಾವ ಪ್ಯಾಕ್’ ಅನ್ನುವ ಪ್ರಶ್ನೆಯೇ ನನ್ನ ಪ್ರಕಾರ ಸರಿಯಿಲ್ಲ. ಮೊದಲು ಸಮಿತಿಯಿಂದ ಹೆಸರಿನ ಪಟ್ಟಿ ತರಿಸಿಕೊಳ್ಳಿ. ಅದು ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟಿನಲ್ಲಿ ಬಂದರೆ ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಪೇಸ್ಟ್ ಮಾಡಿದ ಕೂಡಲೇ ಕಸ ಬರುತ್ತದೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ ಹೆಸರು ಒಂದು, ಎಲ್ಲಕ್ಕಿಂತ ಕೆಳಗೆ ಇಳಿಯುವ ಹೆಸರು ಒಂದು ಹುಡುಕಿ. ‘ಲಕ್ಷ್ಮೀನಾರಾಯಣ’ ಇದ್ದರೆ ಅದೇ ಸಾಕು, ‘ಕ್ಷ್ಮೀ’ಯಲ್ಲಿ ಒತ್ತಿನ ಜೊತೆಗೆ ಮತ್ತೊಂದು ಒತ್ತು ಬರುತ್ತದೆ. ಅವೆರಡು ಸರಿಯಾಗಿ ಕೂರದ ಟೆಂಪ್ಲೇಟ್ ಎಷ್ಟೇ ಚಂದ ಇದ್ದರೂ ಬೇಡ.

ಉದ್ದದ ವಿಷಯ ಹೇಳುವುದಾದರೆ, ಫುಟ್‌ಬಾಲ್ ಸ್ಕೋರ್ ಬೋರ್ಡಿನಲ್ಲಿ ತಂಡಕ್ಕೆ ಮೂರಕ್ಷರದ ಜಾಗ ಇರುತ್ತದೆ. ನಮ್ಮಲ್ಲಿ ಊರು, ಮನೆ, ಯಜಮಾನರ ಹೆಸರು, ಕೊನೆಗೆ ಅವರ ಯಾವ ಜೋಡಿ ಅನ್ನುವುದಕ್ಕೆ ‘ಎ’ ಅಥವಾ ‘ಬಿ’. ಜಾಗ ಸಾಲದಿದ್ದರೆ ಅಕ್ಷರ ತಾನೇ ಸಣ್ಣದಾಗುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ನಂಬಬೇಡಿ. ಮೊಬೈಲಿನಲ್ಲಿ ನೋಡುವವರಿಗೆ ಅದು ಇರುವೆ ಸಾಲು. ಎರಡು ಸಾಲು ಮಾಡಿ.

ಆನಿಮೇಷನ್ ಇನ್ನೊಂದು ತಲೆನೋವು. 2020ರಲ್ಲಿ ಐಕಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆ ಅಲ್ವಾ? ಒಂದು ಓಟ ಅಂದರೆ ಅಷ್ಟೇ ಹೊತ್ತು. ಪ್ಯಾಕಿನ ಲೋವರ್ ಥರ್ಡ್ ಬಿಚ್ಚಿಕೊಂಡು, ಮಿಂಚಿ, ಹೆಸರು ತೋರಿಸುವಷ್ಟರಲ್ಲಿ ಕೋಣಗಳು ಅರ್ಧ ಕರೆ ದಾಟಿರುತ್ತವೆ. ಹೆಸರನ್ನು ಗಂತಿನಲ್ಲೇ, ಅಂದರೆ ಓಟ ಶುರುವಾಗುವ ಜಾಗದಲ್ಲೇ ತೋರಿಸಿ. ಅಲ್ಲಿ ಕೋಣಗಳನ್ನು ನಿಲ್ಲಿಸುವುದಕ್ಕೇ ಬೇಕಾದಷ್ಟು ಹೊತ್ತು ಹೋಗುತ್ತದೆ. ಬಿಟ್ಟ ಮೇಲೆ ಸ್ಕ್ರೀನ್ ಖಾಲಿ ಇರಲಿ, ಮಂಜೊಟ್ಟಿ (ಓಟ ಮುಗಿಯುವ ಜಾಗ) ಮುಟ್ಟಿದ ಮೇಲೆ ಫಲಿತಾಂಶ ಹಾಕಿ. ವಿಮಿಕ್ಸ್‌ನ ಟೈಟಲ್ ಮಾಡುವ ಜಿಟಿ ಡಿಸೈನರ್‌ನಲ್ಲಿ ಟ್ರಾನ್ಸಿಷನ್‌ಇನ್, ಟ್ರಾನ್ಸಿಷನ್‌ಔಟ್ (ಟೈಟಲ್ ಬರುವ, ಹೋಗುವ ಆನಿಮೇಷನ್) ಎರಡನ್ನೂ ಕತ್ತರಿಸಿ ಅರ್ಧ ಸೆಕೆಂಡಿಗೆ ತನ್ನಿ. ಅಕ್ಷರ ಒಂದೊಂದಾಗಿ ಬೀಳುವ ಎಚ್‌ಟಿಎಂಎಲ್ ಟೆಂಪ್ಲೇಟುಗಳಂತೂ ಬೇಡವೇ ಬೇಡ. ‘ಕ್ರಿ’ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ನಾಲ್ಕು ತುಂಡು. ಅದು ಒಂದೊಂದೇ ತುಂಡು ತಂದು ಜೋಡಿಸಲು ಹೋಗಿ ಹೆಸರನ್ನೇ ಒಡೆದು ಹಾಕುತ್ತದೆ.

ಹೆಸರುಗಳನ್ನು ಎಕ್ಸೆಲ್‌ನಲ್ಲಿಟ್ಟು ವಿಮಿಕ್ಸ್‌ನ ಡೇಟಾ ಸೋರ್ಸ್‌ನಿಂದ ಟೈಟಲ್‌ಗೆ ಎಳೆದುಕೊಳ್ಳಿ. ಗೂಗಲ್ ಶೀಟ್ ಮನೆಯಲ್ಲಿ ಚಂದ, ಅಷ್ಟು ಜನ ಸೇರಿದ ಗದ್ದೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಳೆಯ ಹೆಸರೇ ಉಳಿಯುತ್ತದೆ. ಪ್ರೀಸೆಟ್ ಬೇರೆ ಕಂಪ್ಯೂಟರಿಗೆ ಒಯ್ಯುವುದಾದರೆ ಫಾಂಟನ್ನೂ ಒಯ್ದು ಇನ್‌ಸ್ಟಾಲ್ ಮಾಡಿ. ಪ್ರೀಸೆಟ್ ಫೈಲಿನಲ್ಲಿ ಫಾಂಟ್ ಇರುವುದಿಲ್ಲ.

ನಾನು ಈಗ ವಿಮಿಕ್ಸ್ ಜೊತೆಗೇ ಬರುವ ಸಾದಾ ಟೈಟಲ್ ಒಂದನ್ನು ತೆಗೆದು, ಮಾಸ್ಕ್ ಇದ್ದರೆ ಕಿತ್ತು, ಟೆಕ್ಸ್ಟ್ ಬಾಕ್ಸನ್ನು ಕೆಳಗೆ ಚೆನ್ನಾಗಿ ಎಳೆದು ಬಳಸುತ್ತೇನೆ. ಫಾಂಟ್ ಬಾಲೂ ತಮ್ಮ, ದಪ್ಪ ಇದೆ, ದೂರಕ್ಕೂ ಕಾಣುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಪ್ಯಾಕ್ ಕೊಳ್ಳಲೇಬೇಕು ಅಂತಿದ್ದರೆ ಅದರ ಸ್ಟಿಂಗರ್ ಮಾತ್ರ ಬಳಸಿ. ಅದರಲ್ಲಿ ಅಕ್ಷರ ಇರುವುದಿಲ್ಲ, ಹಾಳಾಗಲು ಏನೂ ಇಲ್ಲ. ಅದರ ಮ್ಯೂಸಿಕ್ ಮಾತ್ರ ಮ್ಯೂಟ್ ಮಾಡಿ, ಇಲ್ಲದಿದ್ದರೆ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೇಮ್ ಬಂದರೂ ಬಂತು.