ಅಮಿಶ್ ಬಡಗಿ ಹತ್ತಿರ ದೊಡ್ಡ ಆರ್ಡರ್‌ಗೆ ಕಾಂಟ್ರಾಕ್ಟ್ ಬರೆಸಿಕೊಳ್ಳೋದು ಹೇಗೆ?

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೀರಿ, ಅದೇ ರಾಜ್ಯದ ಹೋಮ್ಸ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಒಬ್ಬ ಅಮಿಶ್ ಬಡಗಿಯಿಂದ ಮೇಜು ಕುರ್ಚಿ ಮಾಡಿಸಿ ಮಾರಬೇಕು, ಅವನು ಬೇರೆ ಯಾರಿಗೂ ಮಾಡಿಕೊಡದ ಹಾಗೆ ಬರೆಸಿಕೊಳ್ಳಬೇಕು ಅಂತ ಕೇಳಿದ್ದೀರಿ. ಅಮಿಶರು ಅಂದರೆ ಕಾರು, ಲೈನಿನ ಕರೆಂಟು ಬೇಡ ಅಂತ ಹಳೇ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರು. ನಾನೂ ಅದೇ ಊರಲ್ಲಿ ಕೂತು, ಅದೇ ಕೌಂಟಿಯವರ ಜೊತೆ, ಅದೇ ಆಸೆ ಇಟ್ಟುಕೊಂಡು ವ್ಯಾಪಾರ ಮಾಡಿದವನು.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ನಮ್ಮವರ ಮನೆಗಳಿಗೆ ದೊಡ್ಡ ಊಟದ ಮೇಜು ಬೇಕು. ಎರಡು ಸಲ ಮನೆ ಬದಲಾಯಿಸಿದರೆ ಮುರಿದು ಬೀಳುವ ಹೊಟ್ಟು ಹಲಗೆಯ ಸಾಮಾನು ನೋಡಿ ಬೇಸತ್ತವರು ಗಟ್ಟಿ ಓಕ್ ಮರದ ಮೇಜು ಅಂದರೆ ಕಾದು ತಗೋತಾರೆ. ಬಾಯಿಂದ ಬಾಯಿಗೆ ಹೆಸರು ಹಬ್ಬಿತು. ಆಮೇಲೆ ಒಂದು ಹೋಟೆಲಿನವರು 30 ಮೇಜು, 120 ಕುರ್ಚಿ ಕೇಳಿದರು. ಇಂಥ ದಿನದೊಳಗೆ ಬರಬೇಕು, ತಡವಾದರೆ ದಂಡ ಅಂತ ಕಾಗದದಲ್ಲಿ ಬರೆದಿತ್ತು.

ಆ ಕಾಗದ ಇಟ್ಟುಕೊಂಡು ಬಡಗಿಯ ಶಾಪಿಗೆ ಹೋದೆ. ಅಲ್ಲಿಗೆ ಕರೆಂಟಿನ ಲೈನ್ ಇಲ್ಲ. ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ಓಡುತ್ತೆ, ಅದು ಗಾಳಿಯನ್ನು ಒತ್ತಿ ಪೈಪಿಗೆ ತುಂಬುತ್ತೆ. ಸೂರಿನಿಂದ ಇಳಿಬಿದ್ದ ರಬ್ಬರ್ ಕೊಳವೆಗೆ ಡ್ರಿಲ್ ಸಿಕ್ಕಿಸಿದರೆ ಬುಸ್ ಅಂತ ತಿರುಗುತ್ತೆ. ಅವನು ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಒಂದು ಓಕ್ ತುಂಡಿನ ಮೇಲೆ ಲೆಕ್ಕ ಹಾಕಿದ. ಎಷ್ಟು ಮರ, ಎಷ್ಟು ದಿನ, ಎಷ್ಟು ಪಾಲಿಶ್, ಎಲ್ಲ. ನಾನು ಫೋನಿನಲ್ಲಿ ಗುಣಿಸಿ ಮುಗಿಸುವ ಮೊದಲೇ ಅವನ ಲೆಕ್ಕ ಮುಗಿದಿತ್ತು. ಎಂಟನೇ ಕ್ಲಾಸ್ ಓದಿದವರಿಗೆ ಬಿಸಿನೆಸ್ ಏನು ಗೊತ್ತು ಅಂತ ನೀವು ಬರೆದಿದ್ದೀರಲ್ಲ, ಆ ಮಾತು ಬಿಟ್ಟುಬಿಡಿ. ಎಂಟನೇ ಕ್ಲಾಸಿಗೆ ಸ್ಕೂಲು ಸಾಕು ಅನ್ನೋದು ಅವರೇ ಆರಿಸಿಕೊಂಡ ದಾರಿ. ಅದಕ್ಕಾಗಿ ಸುಪ್ರೀಂ ಕೋರ್ಟ್ ತನಕ ಕೇಸು ಹೋಗಿ, 1972ರಲ್ಲಿ ತೀರ್ಪು ಅವರ ಪರವಾಗಿ ಬಂತು. ಕಸುಬು ಕಲಿಯೋದು ಆಮೇಲೆ, ಅಪ್ಪನ ಪಕ್ಕದಲ್ಲಿ ನಿಂತು.

ಲೆಕ್ಕ ಮುಗಿಸಿ ಅವನು ಹೇಳಿದ್ದಿಷ್ಟು: "ನನ್ನದು ಮೇಜಿನ ಕೆಲಸ. ಕುರ್ಚಿ ನಾನು ಮಾಡಿದರೆ ನಿಧಾನ. ಕುರ್ಚಿಗೆ ಭಾವನ ಶಾಪ್ ಇದೆ, ಕಾಲು ಕಡೆಯೋದಕ್ಕೆ ಇನ್ನೊಬ್ಬ ಇದ್ದಾನೆ, ಪಾಲಿಶ್‌ಗೆ ಮುಂದಿನ ರಸ್ತೆಯವನು. ಹಂಚಿಕೊಡಿ."

ನಾನು ಒಪ್ಪಲಿಲ್ಲ. ನಾನು ಹಾಳಾಗಿದ್ದು ಇಲ್ಲೇ, ಅದಕ್ಕೆ ಇದನ್ನ ಬಿಡಿಸಿ ಹೇಳ್ತೀನಿ. ನಾಲ್ಕು ಶಾಪ್ ಅಂದರೆ ನಾಲ್ಕು ಜನಕ್ಕೆ ನನ್ನ ರೇಟು ಗೊತ್ತಾಗುತ್ತೆ, ಕೆಟ್ಟರೆ ಯಾರನ್ನ ಕೇಳೋದು, ಒಬ್ಬನೇ ಆದರೆ ಹಿಡಿತ ಇರುತ್ತೆ ಅಂದುಕೊಂಡೆ. "ಎಲ್ಲ ನೀವೇ ಮಾಡಿ, ಇನ್ನೂ ಜನ ಹಾಕಿಕೊಳ್ಳಿ, ಮುಂಗಡ ಕೊಡ್ತೀನಿ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡೋಣ" ಅಂದ. ನಾನು ಅದನ್ನ ಹೂಂ ಅಂತ ತಗೊಂಡು, ಹೋಟೆಲಿನ ಕಾಗದಕ್ಕೆ ಸಹಿ ಹಾಕಿಬಿಟ್ಟೆ.

ಜನ ಹಾಕಿಕೊಳ್ಳಿ ಅನ್ನೋದು ನಮಗೆ ಸಣ್ಣ ಮಾತು. ಅವರಿಗಲ್ಲ. ಸ್ವಂತ ಕೆಲಸ ಮಾಡುವ ಅಮಿಶರಿಗೆ 1965ರಿಂದ ಸೋಶಿಯಲ್ ಸೆಕ್ಯುರಿಟಿ ತೆರಿಗೆಯ, ಅಂದರೆ ಸರ್ಕಾರದ ಪಿಂಚಣಿಗೆ ಕಟ್ಟುವ ತೆರಿಗೆಯ, ವಿನಾಯಿತಿ ಇದೆ. ಮುದುಕರನ್ನೂ ಕಾಯಿಲೆಯವರನ್ನೂ ತಾವೇ ನೋಡಿಕೊಳ್ತಾರೆ, ಸರ್ಕಾರದ ದುಡ್ಡು ಬೇಡ ಅಂತಾರೆ. ಆದರೆ ಕೆಲಸಕ್ಕೆ ಆಳು ಇಟ್ಟುಕೊಂಡವರು ತೆರಿಗೆ ಕಟ್ಟಲೇಬೇಕು ಅಂತ 1982ರಲ್ಲಿ ಕೋರ್ಟ್ ಹೇಳಿತು. 1988ರ ಕಾನೂನು ಅದನ್ನ ಸಡಿಲಿಸಿತು. ಆದರೆ ಮಾಲೀಕನೂ ಆಳೂ ಇಬ್ಬರೂ ಅವರ ಪಂಗಡದವರಾಗಿದ್ದರೆ ಮಾತ್ರ. ಹೊರಗಿನ ಹುಡುಗರನ್ನ ಸೇರಿಸಿಕೊಂಡರೆ ಆ ಹುಡುಗರ ಲೆಕ್ಕದ ತೆರಿಗೆ ಕಟ್ಟಬೇಕು.

ಅದಕ್ಕಿಂತ ದೊಡ್ಡದು ಚರ್ಚಿನ ಮಾತು. ಸುಮಾರು 30 ಮನೆ ಸೇರಿದರೆ ಒಂದು ಸಭೆ. ವಾರ ಬಿಟ್ಟು ವಾರ ಭಾನುವಾರ ಯಾರದ್ದಾದರೂ ಮನೆಯಲ್ಲೇ ಪ್ರಾರ್ಥನೆ. ಸಭೆ ನಡೆಸುವ ಬಿಷಪ್‌ಗೆ ಸಂಬಳ ಇಲ್ಲ, ಅವನೂ ರೈತನೋ ಬಡಗಿಯೋ ಆಗಿರ್ತಾನೆ. ಒಬ್ಬನ ಶಾಪ್ ಎಷ್ಟು ಬೆಳೆಯಬೇಕು ಅನ್ನೋದು ಅಲ್ಲಿ ಅವನೊಬ್ಬನ ವಿಷಯ ಅಲ್ಲ. ಜಮೀನು ಸಾಲದೆ ಬೇಸಾಯ ಬಿಟ್ಟವರು ಮನೆ ಪಕ್ಕದಲ್ಲೇ ಶಾಪ್ ಹಾಕಿದ್ದು ಮಕ್ಕಳ ಕಣ್ಣೆದುರು ಇರೋಣ ಅಂತ. ಶಾಪ್ ಫ್ಯಾಕ್ಟರಿ ಆದರೆ ಆ ಉದ್ದೇಶವೇ ಹೋಯ್ತಲ್ವಾ? ಅದಕ್ಕೆ ಕೆಲಸ ಜಾಸ್ತಿಯಾದಾಗ ಶಾಪ್ ದೊಡ್ಡದಾಗೋದಕ್ಕಿಂತ ಪಕ್ಕದಲ್ಲಿ ಇನ್ನೊಂದು ಶಾಪ್ ಹುಟ್ಟುತ್ತೆ. ಮಗ ಹಾಕ್ತಾನೆ, ಭಾವ ಹಾಕ್ತಾನೆ. 120 ಕುರ್ಚಿ ಮಾಡುವ ತಾಕತ್ತು ಆ ರಸ್ತೆಯಲ್ಲಿ ಇತ್ತು. ಅವನು ಕೈ ತೋರಿಸಿ ಹೇಳಿದ್ದೂ ಅದನ್ನೇ. ಆ ಬಾಗಿಲನ್ನ ನಾನೇ ಮುಚ್ಚಿದೆ.

ನಡುವೆ ಹತ್ತಿರದ ಒಬ್ಬರ ಕೊಟ್ಟಿಗೆಗೆ ಬೆಂಕಿ ಬಿತ್ತು. ಶಾಪ್ ಮುಚ್ಚಿ ಎಲ್ಲರೂ ಕಟ್ಟೋದಕ್ಕೆ ಹೋದರು. ಅವನ ಫೋನ್ ಇರೋದು ಮನೆಯಲ್ಲಲ್ಲ, ರಸ್ತೆ ಬದಿಯ ಪುಟ್ಟ ಗೂಡಿನಲ್ಲಿ. ನಾನು ಅದಕ್ಕೆ ಮೆಸೇಜ್ ಮೇಲೆ ಮೆಸೇಜ್ ಬಿಟ್ಟೆ. ಕೊನೆಗೆ ಸಿಟ್ಟಿನಲ್ಲಿ ಕಾರು ಹತ್ತಿ ಹೋದೆ. ನೋಡಿದರೆ ಗಂಡಸರೆಲ್ಲ ತೊಲೆಗಳ ಮೇಲೆ, ಹೆಂಗಸರು ಉದ್ದ ಮೇಜುಗಳ ಮೇಲೆ ಅಡುಗೆ ಜೋಡಿಸುತ್ತಿದ್ದರು. ನಮ್ಮ ಹಳ್ಳಿಗಳ ಮುಯ್ಯಾಳು ಇದ್ದ ಹಾಗೆ, ಇವತ್ತು ಇವನಿಗೆ, ನಾಳೆ ಅವನಿಗೆ. ಇನ್ಶೂರೆನ್ಸ್ ಕಂಪನಿ ನೆಚ್ಚದವರಿಗೆ ಇದೇ ಇನ್ಶೂರೆನ್ಸ್. ಅವನ ಶಾಪ್ ಸುಟ್ಟರೆ ಕಟ್ಟಿಕೊಡುವವರೂ ಇವರೇ, ನಾನಲ್ಲ. ಏನೂ ಕೇಳದೆ ವಾಪಸ್ ಬಂದೆ.

ಮೇಜುಗಳು ಸರಿಯಾದ ದಿನಕ್ಕೆ ಬಂದವು. ಕುರ್ಚಿ ಅರ್ಧವೂ ಆಗಿರಲಿಲ್ಲ. ದಂಡ ಕಟ್ಟಿದೆ, ಕೂಡಿಟ್ಟ ದುಡ್ಡೆಲ್ಲ ಹೋಯ್ತು, ಹೋಟೆಲಿನವರೂ ಕೈಬಿಟ್ಟರು. ಬಡಗಿ ಮಾತ್ರ, ಮಾಡಲಾಗದ ಕುರ್ಚಿಗಳ ಮುಂಗಡವನ್ನು ನಾನು ಬಾಯಿ ಬಿಡುವ ಮೊದಲೇ ಚೆಕ್ ಬರೆದು ಕಳಿಸಿದ.

ಅದಕ್ಕೇ ಹೇಳ್ತೀನಿ, ಅವನು ನಿಮಗೊಬ್ಬರಿಗೇ ಮಾಡಿಕೊಡಬೇಕು ಅನ್ನುವ ಯೋಚನೆಯೇ ತಪ್ಪು. ಅವರು ಕೋರ್ಟಿಗೆ ಹೋಗೋದಿಲ್ಲ, ಅದು ಅವರ ನಂಬಿಕೆಗೆ ಒಗ್ಗಲ್ಲ. ನೀವು ಹೋಗಬಹುದು. ಆದರೆ ಒಬ್ಬನ ಮೇಲೆ ಕೇಸು ಹಾಕಿದ ಮೇಲೆ ಆ ಕೌಂಟಿಯಲ್ಲಿ ಇನ್ನೊಂದು ಶಾಪ್ ನಿಮಗೆ ಕೆಲಸ ಮಾಡಿಕೊಡುತ್ತೆ ಅಂತ ನನಗೆ ಅನ್ನಿಸಲ್ಲ. ಅಳತೆ, ಮರ, ರೇಟು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಸಾಕು. ಯಾವ ಕೆಲಸಕ್ಕೆ ಯಾವ ಶಾಪ್ ಅಂತ ಅವನನ್ನೇ ಕೇಳಿ, ಅವನು ಹೇಳಿದ ಕಡೆಗೆಲ್ಲ ಖುದ್ದಾಗಿ ಹೋಗಿ. ಭಾನುವಾರ ಹೋಗಬೇಡಿ. ಈಸ್ಟರ್ ಆದ ಮೇಲೆ ಬರುವ ಅಸೆನ್ಶನ್ ಗುರುವಾರವೂ (ಯೇಸು ಸ್ವರ್ಗಕ್ಕೆ ಏರಿದ ದಿನದ ಹಬ್ಬ) ಶಾಪ್‌ಗಳು ಮುಚ್ಚಿರುತ್ತವೆ. ತಾರೀಕನ್ನ ನೀವು ಹೇಳಬೇಡಿ, ಅವರು ಹೇಳಲಿ. ಅದಕ್ಕೂ ಮೊದಲೇ ಸಹಿ ಬೇಕು ಅಂತ ಗಿರಾಕಿ ಹಟ ಹಿಡಿದರೆ, ಎಷ್ಟೇ ದೊಡ್ಡ ಆರ್ಡರ್ ಆಗಿರಲಿ, ಬೇಡ ಅಂದುಬಿಡಿ.